ಹತ್ತನೇ ನಂಬರಿನ ಖಾರ

ಆ ಹೋಟೆಲಿಗೆ ಹೋಗಬೇಕಾದರೆ ಒಂದು ಗಂಟೆ ಮುಂಚೆ ಫೋನ್ ಮಾಡಬೇಕು. ಈ ನಿಯಮ ಬೇರೆ ಗಿರಾಕಿಗಳಿಗಿಲ್ಲ, ನಮ್ಮ ಮನೆಯವರಿಗೆ ಮಾತ್ರ. ನಾರ್ತ್‌ವಿಲ್‌ನ ನಮ್ಮ ಮನೆಯಿಂದ ಮೂರು ಮೈಲಿ ದೂರದಲ್ಲಿ, ಬಟ್ಟೆ ಇಸ್ತ್ರಿ ಮಾಡಿಕೊಡುವ ಅಂಗಡಿಗೂ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೂ ನಡುವೆ ಇರುವ ಸಣ್ಣ ಜಪಾನೀ ಹೋಟೆಲು ಅದು. ಒಳಗೆ ಒಂಬತ್ತು ಮೇಜು. ಮುಖ್ಯವಾಗಿ ಸಿಗುವುದು ಒಂದೇ ಪದಾರ್ಥ: ತಟ್ಟೆಯ ಒಂದು ಕಡೆ ಅನ್ನ, ಇನ್ನೊಂದು ಕಡೆ ಕಂದು ಬಣ್ಣದ ಗಟ್ಟಿ ಕರಿ. ದೊಡ್ಡ ಪಾತ್ರೆಯಲ್ಲಿ ಕುದಿಯುವ ಕರಿಯಲ್ಲಿ ಮಾಂಸದ ರಸ ಇರುತ್ತದೆ. ನಾವು ಬರುತ್ತೇವೆಂದು ಮೊದಲೇ ತಿಳಿಸಿದರೆ ಹೋಟೆಲಿನ ಒಡತಿ ಒಲೆಯ ಮೂಲೆಯಲ್ಲಿ ಒಂದು ಚಿಕ್ಕ ಪಾತ್ರೆ ಇಟ್ಟು, ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ ಹಾಕಿ ನಮ್ಮದನ್ನು ಬೇರೆಯಾಗಿ ಮಾಡುತ್ತಾಳೆ.

ಮೊದಲ ಸಲ ಹೋದದ್ದು ಹನ್ನೆರಡು ವರ್ಷದ ಹಿಂದೆ, ಷಿಕಾಗೋ ಕಡೆಯಿಂದ ಮಿಶಿಗನ್‌ಗೆ ಬಂದ ಹೊಸದರಲ್ಲಿ. ನನ್ನ ಗಂಡ ಎಲ್ಲ ಹೊಸ ಹೋಟೆಲಿನಲ್ಲೂ ನಡೆಸುವ ವಿಚಾರಣೆಯನ್ನು ಅಲ್ಲೂ ನಡೆಸಿದ. ಇದರಲ್ಲಿ ಚಿಕನ್ ಇದೆಯಾ, ಮೀನಿನ ಪುಡಿ ಇದೆಯಾ, ಮೊಟ್ಟೆ? ಒಡತಿ ಪ್ರತಿಯೊಂದಕ್ಕೂ ಇದೆ, ಇದೆ ಎಂದು ತಲೆಯಾಡಿಸುತ್ತ ಹೋದಳು. ಬೇರೆ ಕಡೆಯಾದರೆ ಗಿರಾಕಿ ತಪ್ಪಬಾರದೆಂದು ಸುಳ್ಳಾದರೂ ಹೇಳುತ್ತಿದ್ದರು. ನಾವು ಎದ್ದು ಹೊರಟಾಗ ಆಕೆ ಬಾಗಿಲವರೆಗೆ ಬಂದು, ನಲವತ್ತು ನಿಮಿಷ ಬಿಟ್ಟು ಬನ್ನಿ ಎಂದಳು. ಪಕ್ಕದ ಅಂಗಡಿಯಲ್ಲಿ ಸುಮ್ಮನೆ ಸುತ್ತಿ, ಯಾರಿಗೂ ಬೇಡದ ಒಂದು ಜೊತೆ ಕಾಲುಚೀಲ ಕೊಂಡು ಮರಳಿ ಹೋದೆವು. ಚಿಕ್ಕ ಪಾತ್ರೆ ಸಿದ್ಧವಾಗಿತ್ತು. ನನ್ನ ಗಂಡ ಒಂದು ಚಮಚ ಬಾಯಿಗಿಟ್ಟು, "ಹುಳಿಗೆ ಬೆಲ್ಲ ಜಾಸ್ತಿ ಬಿದ್ದಿದೆ, ಹುಣಿಸೆಹಣ್ಣು ಹಾಕೋದು ಮರ್ತಿದಾರೆ," ಎಂದ. ಎರಡು ತಟ್ಟೆ ಖಾಲಿ ಮಾಡಿದ.

ಖಾರಕ್ಕೆ ಅಲ್ಲಿ ನಂಬರು ಇದೆ, ಒಂದರಿಂದ ಹತ್ತು. ಮಗಳದ್ದು ಒಂದು. ಗಂಡನದ್ದು ಎರಡು. ಮಗ ಬೆಳೆದ ಹಾಗೆ ಏರುತ್ತ ಈಗ ಐದರಲ್ಲಿದ್ದಾನೆ. ನನ್ನದು ಮೊದಲ ದಿನದಿಂದ ಹತ್ತು. "ಇವಳ ಸಿಟ್ಟಿನ ನಂಬರೂ ಅದೇ," ಎಂದು ನನ್ನ ಗಂಡ ಒಡತಿಗೆ ಕೈಸನ್ನೆಯಲ್ಲಿ ವಿವರಿಸಿದ್ದ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮೈಸೂರಿನಲ್ಲಿ ನನ್ನಮ್ಮ ನೆಂಟರಿಗೆಲ್ಲ ಹೇಳಿಟ್ಟಿದ್ದರು. ಮದುವೆಗೆ ಮೊದಲು ಇವನಿಗೂ ಎಚ್ಚರಿಕೆ ಕೊಟ್ಟಿದ್ದರು. ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ನನ್ನ ಪಕ್ಕದ ಬೆಂಚಿನಲ್ಲಿ ಕೂತಿದ್ದವನಿಗೆ ಅದು ಹೊಸ ವಿಷಯವಾಗಿರಲಿಲ್ಲ. ಅವನನ್ನು ನಾನು ಏಕವಚನದಲ್ಲಿ ಕರೆಯುವುದೂ ಆ ಬೆಂಚಿನಿಂದಲೇ ಬಂದ ಅಭ್ಯಾಸ.

ಇನ್ನೊಂದು ಪದ್ಧತಿ ಮೊಸರಿನದು. ಏನು ತಿಂದರೂ ಕೊನೆಗೆ ಎರಡು ತುತ್ತು ಮೊಸರನ್ನ ಹೊಟ್ಟೆಗೆ ಬೀಳದಿದ್ದರೆ ನನಗೆ ಊಟ ಮುಗಿದ ಹಾಗೆ ಆಗುವುದಿಲ್ಲ. ಆದ್ದರಿಂದ ಹೊರಗೆ ಊಟಕ್ಕೆ ಹೋಗುವಾಗ ನನ್ನ ಕೈಚೀಲದಲ್ಲಿ ಮುಚ್ಚಳ ಬಿಗಿಯಾದ ಒಂದು ಸ್ಟೀಲ್ ಡಬ್ಬಿ ಇರುತ್ತದೆ. ತಟ್ಟೆಯಲ್ಲಿ ಒಂದಿಷ್ಟು ಅನ್ನ ಉಳಿಸಿಕೊಂಡು ಅದಕ್ಕೆ ಮೊಸರು ಸುರಿದು ಕಲಸುತ್ತೇನೆ. ಮಗಳಿಗೆ ಹನ್ನೆರಡು ತುಂಬಿದಾಗಿನಿಂದ ಇದು ದೊಡ್ಡ ಅವಮಾನವಾಗಿತ್ತು. "ಅಮ್ಮ, ಪ್ಲೀಸ್, ನಾಟ್ ಹಿಯರ್," ಎನ್ನುತ್ತ ಮೆನು ಕಾರ್ಡು ಎತ್ತಿ ನನ್ನ ತಟ್ಟೆಗೆ ಮರೆ ಹಿಡಿಯುತ್ತಿದ್ದಳು. ಒಡತಿ ಮಾತ್ರ ಮೂರನೆಯ ಸಲಕ್ಕೆ ಏನೂ ಕೇಳದೆ ಮೊಸರಿಗೆಂದು ಖಾಲಿ ಬಟ್ಟಲು ತಂದಿಟ್ಟಳು.

ನನ್ನ ನೆನಪಿನ ಶಕ್ತಿ ನಮ್ಮ ಮನೆಯಲ್ಲಿ ಕುಖ್ಯಾತವಾದದ್ದು. ಯಾರ ಮದುವೆಯಲ್ಲಿ ಎಲೆಯ ಯಾವ ಮೂಲೆಗೆ ಯಾವ ಪಲ್ಯ ಬಡಿಸಿದರು, ಯಾರು ಯಾವ ಮಾತು ಆಡಿ ಆಮೇಲೆ ಆಡಿಯೇ ಇಲ್ಲವೆಂದರು, ಎಲ್ಲ ಹೇಳಬಲ್ಲೆ. ಗಂಡನ ಜೊತೆಗಿನ ಜಗಳದಲ್ಲಿ ತೇದಿ ವಾರ ಸಮೇತ ಸಾಕ್ಷಿ ಒದಗಿಸುತ್ತೇನೆ, ಅವನು ಸೋಲುತ್ತಾನೆ. ಕಳೆದ ಮಾರ್ಚಿಯ ಒಂದು ಭಾನುವಾರ ಆ ಹೋಟೆಲಿನಲ್ಲಿ ನಾವು ನಾಲ್ವರೂ ಕೂತು ಮಾಡಿದ ಊಟವೂ ಹಾಗೆಯೇ ನೆನಪಿದೆ. ಅದಾಗಿ ಒಂಬತ್ತು ದಿನಕ್ಕೆ ನನ್ನ ಮಗಳು ಈ ದೇಶ ಬಿಟ್ಟಳು.

ಯಾಕೆ ಬಿಡಬೇಕಾಯಿತು ಎಂದು ಮೊದಲು ಹೇಳುತ್ತೇನೆ. ನಾಲ್ಕು ವರ್ಷದವಳಿದ್ದಾಗ ಅವಳು ನನ್ನ ಸೊಂಟದ ಮೇಲೆ ಕೂತು ಬೆಂಗಳೂರಿನಿಂದ ಬಂದವಳು. ಕೆಲಸದ ವೀಸಾ ನನ್ನದು, ಗಂಡ ಮತ್ತು ಮಗಳು ಅದರ ನೆರಳಿನಲ್ಲಿ ಬಂದರು. ಮಗ ಇಲ್ಲಿಯೇ, ಇಲಿನಾಯ್‌ನಲ್ಲಿ ಹುಟ್ಟಿದ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಿಗೆ ಎರಡು ದೇಶದ ಪಾಸ್‌ಪೋರ್ಟು. ಎರಡರ ರಟ್ಟೂ ನೀಲಿಯೇ. ಬೀರುವಿನಲ್ಲಿ ಒಂದರ ಮೇಲೊಂದು ಇಟ್ಟಿರುತ್ತಿದ್ದೆ. ಮಗ ಇಲ್ಲಿನವನು. ಮಗಳಿಗೆ ಮಾತ್ರ ಇಪ್ಪತ್ತೊಂದು ತುಂಬುವವರೆಗೆ ತಾಯಿಯ ವೀಸಾದ ಕೆಳಗೆ ಜಾಗ, ತುಂಬಿದ ದಿನ ಅವಳು ಅದರಿಂದ ಹೊರಗೆ. ಅಷ್ಟರೊಳಗೆ ತಾಯಿಗೆ ಗ್ರೀನ್ ಕಾರ್ಡ್ ಬಂದರೆ ಮಗಳಿಗೂ ಬರುತ್ತದೆ. ಅದಕ್ಕೆ ನಮ್ಮ ದೇಶದವರ ಸಾಲು ಬಹಳ ಉದ್ದ. ಆ ಸಾಲಿನಲ್ಲಿ ತಾಯಿ ಎಲ್ಲಿ ನಿಂತಿದ್ದಾಳೆ ಎಂಬುದರ ಮೇಲೆ ಮಗುವಿನ ಬದುಕು ನಿಂತಿರುತ್ತದೆ. ಸಾಲಿನಲ್ಲಿ ನನಗೊಂದು ಒಳ್ಳೆಯ ಜಾಗವಿತ್ತು. ಅದನ್ನು ನಾನೇ ಕಳೆದೆ.

ಆಗ ಷಿಕಾಗೋ ಪಕ್ಕದ ಎಲ್ಕ್ ಗ್ರೋವ್ ವಿಲೇಜಿನಲ್ಲಿ, ಯಂತ್ರಗಳ ಬಿಡಿಭಾಗ ತಯಾರಿಸುವ ಒಂದು ಕಂಪನಿಯಲ್ಲಿ ನನ್ನ ಕೆಲಸ. ಕಂಪನಿ ನನ್ನ ಪರವಾಗಿ ಅರ್ಜಿ ಹಾಕಿತ್ತು. ಇನ್ನು ನಾಲ್ಕು ತಿಂಗಳಿಗೆ ಅದು ಮಂಜೂರಾಗುತ್ತದೆ, ಆಮೇಲೆ ನೀವು ಯಾವ ಕಂಪನಿಗೆ ಹೋದರೂ ಸಾಲಿನಲ್ಲಿ ನಿಮ್ಮ ಜಾಗ ನಿಮ್ಮದೇ, ಅಲ್ಲಿಯವರೆಗೆ ಕೂತಲ್ಲಿಂದ ಅಲುಗಾಡಬೇಡಿ ಎಂದು ವಕೀಲರು ಹೇಳಿದ್ದರು. ಹೀಗಿರುವಾಗ ಒಂದು ಶುಕ್ರವಾರದ ಮೀಟಿಂಗಿನಲ್ಲಿ, ಹೊರಗಿನಿಂದ ಬಂದ ಗಿರಾಕಿಗಳೆದುರು, ನನ್ನ ಮ್ಯಾನೇಜರ್ ನನಗೊಂದು ಮಾತು ಅಂದ. ಕೋಣೆಯಲ್ಲಿ ಹನ್ನೊಂದು ಜನರಿದ್ದರು. ಆತ ತಿಳಿಹಸಿರು ಶರ್ಟು ಹಾಕಿದ್ದ. ಮೇಜಿನ ಮೇಲೆ ಡೋನಟ್ ಡಬ್ಬಿ ತೆರೆದಿತ್ತು. ಇಬ್ಬರು ನಕ್ಕರು. ನಾನು ಲ್ಯಾಪ್‌ಟಾಪ್ ಮುಚ್ಚಿ ಎದ್ದು ಬಂದೆ.

ಮನೆಯಲ್ಲಿ ಗಂಡ ಚಪಾತಿ ಲಟ್ಟಿಸುತ್ತಿದ್ದ. ನನ್ನ ವೀಸಾದ ನೆರಳಿನಲ್ಲಿ ಬಂದವನಿಗೆ ಆಗ ಕೆಲಸ ಮಾಡುವ ಪರವಾನಗಿ ಇರಲಿಲ್ಲ, ಅಡುಗೆಮನೆ ಅವನದೇ ಆಗಿತ್ತು. ನನ್ನ ಕೂಗಾಟವನ್ನೆಲ್ಲ ಕೇಳಿಸಿಕೊಂಡು, "ನಾಲ್ಕೇ ತಿಂಗಳು ಕಣೆ. ಬಾಯಿಗೆ ಬೀಗ ಹಾಕ್ಕೊಂಡಿರು. ಆಮೇಲೆ ಅವನ ಮುಖದ ಮೇಲೆ ಪೇಪರ್ ಎಸ್ದು ಬಾ. ನಾನೇ ಡ್ರೈವ್ ಮಾಡ್ಕೊಂಡ್ ಬಂದು ಬಾಗಿಲಲ್ಲಿ ನಿಂತಿರ್ತೀನಿ," ಎಂದ.

"ನಾಲ್ಕು ತಿಂಗಳಲ್ಲ, ನಾಲ್ಕು ದಿನಾನೂ ಆ ಮುಖ ನೋಡಲ್ಲ," ಎಂದೆ.

ಸೋಮವಾರ ರಾಜೀನಾಮೆ ಕೊಟ್ಟೆ. ಕೆಲಸಕ್ಕೇನು ಬರವಿರಲಿಲ್ಲ, ಎರಡು ವಾರದಲ್ಲಿ ಮಿಶಿಗನ್‌ನಲ್ಲಿ ಕಾರಿನ ಬಿಡಿಭಾಗದ ಕಂಪನಿಯೊಂದು ಕರೆಯಿತು. ಹಳೆಯ ಸಂಬಳಕ್ಕಿಂತ ಹೆಚ್ಚು, ಒಳ್ಳೆಯ ಸ್ಕೂಲು, ಹಿತ್ತಿಲಿರುವ ಮನೆ. ಗೆದ್ದೆ ಎಂದುಕೊಂಡೆ. ಹೊಸ ಕಂಪನಿ ಈಗ ಹಾಕುತ್ತೇವೆ ಆಗ ಹಾಕುತ್ತೇವೆ ಎನ್ನುತ್ತ ಎರಡು ವರ್ಷ ಬಿಟ್ಟು ಅರ್ಜಿ ಹಾಕಿತು. ಅಷ್ಟರಲ್ಲಿ ಸಾಲು ಎಷ್ಟು ಬೆಳೆದಿತ್ತೆಂದರೆ, ನಾನು ಹೋಗಿ ನಿಂತ ಬಾಲದಿಂದ ನನ್ನ ಹಳೆಯ ಜಾಗ ಕಣ್ಣಿಗೂ ಕಾಣುತ್ತಿರಲಿಲ್ಲ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಗಾದೆ ಇದೆ. ಗಾದೆ ಕಟ್ಟಿದವರು ಅವರವರ ಮೂಗನ್ನು ಅವರವರೇ ಕೊಯ್ದುಕೊಳ್ಳುತ್ತಾರೆ ಎಂದು ನಂಬಿದ್ದರು. ನಾನು ಕೊಯ್ದದ್ದು ಮಗಳದ್ದು.

ಎಲ್ಕ್ ಗ್ರೋವ್‌ನಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ತುಮಕೂರಿನವನ ಅರ್ಜಿಯೂ ನನ್ನದರ ಜೊತೆಗೇ ಹೋಗಿತ್ತು. ಅವನ ಮಗಳೂ ನನ್ನ ಮಗಳೂ ಒಂದೇ ವರ್ಷ ಹುಟ್ಟಿದವರು. ಅವನು ಅಲ್ಲಿಯೇ ತಲೆ ತಗ್ಗಿಸಿಕೊಂಡು ಕೂತ. ಕೆಲವು ವರ್ಷದ ಹಿಂದೆ, ಮಕ್ಕಳಿಗೆ ಇಪ್ಪತ್ತೊಂದು ತುಂಬುವ ಮೊದಲೇ, ಅವನ ಮನೆಯವರೆಲ್ಲ ಗ್ರೀನ್ ಕಾರ್ಡ್ ಹಿಡಿದು ಅಡುಗೆಮನೆಯಲ್ಲಿ ನಿಂತ ಫೋಟೋ ವಾಟ್ಸಾಪಿನಲ್ಲಿ ಬಂತು. ಅಭಿನಂದನೆಗಳು ಎಂದು ಬರೆದು ಮೂರು ಹೂವಿನ ಚಿತ್ರ ಹಾಕಿದೆ. ಆ ಫೋಟೋ ಗಂಡನಿಗೂ ಬಂದಿತ್ತು. ಅವನು ಅದರ ಮಾತೆತ್ತಲಿಲ್ಲ. ನಾಲ್ಕು ತಿಂಗಳ ಮಾತನ್ನು ಈ ಹನ್ನೆರಡು ವರ್ಷದಲ್ಲಿ ಅವನು ಒಂದು ಸಲವೂ ಎತ್ತಿಲ್ಲ. ಎತ್ತಿದ್ದರೆ ಜಗಳವಾದರೂ ಆಡಬಹುದಿತ್ತು.

ಮಗಳು ಮಿಶಿಗನ್‌ಗೆ ಬಂದಾಗ ಸ್ಕೂಲಿನಲ್ಲಿ ಅವಳ ಪಕ್ಕ ಕೂತವಳು ಜಪಾನೀ ಹುಡುಗಿ. ಈ ಭಾಗದಲ್ಲಿ ಜಪಾನಿನ ಕಾರು ಕಂಪನಿಗಳ ಸಂಸಾರಗಳು ತುಂಬ ಇವೆ. ಮೂರು ವರ್ಷಕ್ಕೋ ಐದು ವರ್ಷಕ್ಕೋ ಬರುತ್ತಾರೆ, ಹೋಗುತ್ತಾರೆ. ಆ ಗೆಳತಿಯೂ ಹೋದಳು, ಆದರೆ ಅವಳ ಭಾಷೆ ನನ್ನ ಮಗಳ ನಾಲಿಗೆಯಲ್ಲಿ ಉಳಿಯಿತು. ಹೈಸ್ಕೂಲಿನಲ್ಲೂ ಅದನ್ನೇ ತೆಗೆದುಕೊಂಡಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು ಹೋಟೆಲಿನ ಒಡತಿಯ ಜೊತೆ ಜಪಾನೀ ಭಾಷೆಯಲ್ಲಿ ನಗುನಗುತ್ತ ಹರಟುವಾಗ ನನಗೆ ಹೆಮ್ಮೆಯೂ ಹೊಟ್ಟೆಕಿಚ್ಚೂ ಒಟ್ಟಿಗೇ ಆಗುತ್ತಿದ್ದವು. ಹದಿನಾರು ವರ್ಷದವಳಿದ್ದಾಗ, ಒಡತಿ ಶನಿವಾರ ಭಾನುವಾರ ಕೆಲಸಕ್ಕೆ ಬಾ ಅಂತಿದಾರೆ, ಹೋಗಲಾ ಎಂದು ಕೇಳಿದ್ದಳು. ಅವಳ ಗೆಳತಿಯರೆಲ್ಲ ಎಲ್ಲೋ ಒಂದು ಕಡೆ ಐಸ್‌ಕ್ರೀಮ್ ಮಾರುತ್ತಲೋ ಪುಸ್ತಕ ಜೋಡಿಸುತ್ತಲೋ ಇದ್ದರು. "ನಿನ್ನ ವೀಸಾದಲ್ಲಿ ಕೆಲಸ ಮಾಡೋ ಹಾಗಿಲ್ಲ," ಎಂದೆ. "ಅದು ಬರೀ ಪ್ಲೇಟ್ ಎತ್ತೋದು, ಅಮ್ಮ." "ಪ್ಲೇಟೂ ಇಲ್ಲ." ಆಮೇಲೆ ಅವಳು ಕೇಳಲಿಲ್ಲ.

ಇಪ್ಪತ್ತೊಂದು ತುಂಬಿದಾಗ ಓದುವವರ ವೀಸಾಕ್ಕೆ ಬದಲಾಯಿಸಿಕೊಂಡಳು. ಚಿಕ್ಕ ಮಕ್ಕಳಿಗೆ ಪಾಠ ಹೇಳುವುದನ್ನು ಓದಿದಳು. ಓದು ಮುಗಿದ ಮೇಲೆ ಒಂದು ವರ್ಷ ಕೆಲಸ ಮಾಡಲು ಬಿಡುತ್ತಾರೆ. ಆ ಒಂದು ವರ್ಷ ಷಿಕಾಗೋ ಹತ್ತಿರದ ಸ್ಕೋಕಿಯಲ್ಲಿ, ಇನ್ನಿಬ್ಬರ ಜೊತೆ ಕೋಣೆ ಹಂಚಿಕೊಂಡು, ಒಂದನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳಿದಳು. ಫೋನಿನಲ್ಲಿ ಆ ಮಕ್ಕಳದ್ದೇ ಮಾತು. ಸ್ಕೂಲಿನವರು ಅವಳನ್ನು ಇಟ್ಟುಕೊಳ್ಳಲು ನೋಡಿದರು. ಅದಕ್ಕೆ ಬೇಕಾದ ವೀಸಾಕ್ಕೆ ಚೀಟಿ ಎತ್ತುತ್ತಾರೆ, ಅವಳ ಚೀಟಿ ಬರಲಿಲ್ಲ.

ಮೈಸೂರಿಗೆ ಹೋಗು, ಚಿಕ್ಕಮ್ಮ ಇದ್ದಾಳೆ ಎಂದೆ. ಅವಳು ತಲೆಯಲ್ಲಾಡಿಸಿದಳು. ನೀನಿಲ್ಲದೆ ನನಗೆ ಅಲ್ಲಿ ಯಾರೂ ಗೊತ್ತಿಲ್ಲ ಎಂದಳು. ಜಪಾನಿನ ಒಂದು ಸಣ್ಣ ಊರಿನ ಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುವ ಕೆಲಸ ತಾನೇ ಹುಡುಕಿಕೊಂಡಿದ್ದಳು. ಅರ್ಜಿಯ ಕಾಗದವನ್ನು ತಿದ್ದಿಕೊಟ್ಟವಳು ಹೋಟೆಲಿನ ಒಡತಿ. ಅಂದರೆ ನನ್ನ ಮಗಳು ಹೋಗುತ್ತಾಳೆಂದು ನನಗಿಂತ ಎರಡು ತಿಂಗಳು ಮೊದಲೇ ಆಕೆಗೆ ಗೊತ್ತಿತ್ತು. ಆ ಎರಡು ತಿಂಗಳಲ್ಲಿ ನಾನು ಎರಡು ಸಲ ಅಲ್ಲಿ ಊಟ ಮಾಡಿದ್ದೆ. ಆಕೆ ನನ್ನ ಬಟ್ಟಲನ್ನು ಎಂದಿಗಿಂತ ನಿಧಾನವಾಗಿ ಇಟ್ಟದ್ದು ಆಮೇಲೆ ನೆನಪಾಯಿತು.

ಹೊರಡುವ ದಿನ ಹತ್ತಿರ ಬಂದಾಗ ಅವಳು ಸ್ಕೋಕಿಯ ಕೋಣೆ ಬಿಟ್ಟು ಮನೆಗೆ ಬಂದಳು. ಒಂದು ಸಂಜೆ ನಾನು ಮಡಿಸಿದ ಬಟ್ಟೆಯ ಬುಟ್ಟಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಮೇಲೆ ಮಗ ಅಕ್ಕನ ಮೇಲೆ ಕೂಗಾಡುತ್ತಿದ್ದ. ಇದು ಯಾರ ತಪ್ಪು, ಯಾರಾದರೂ ಏನೋ ತಪ್ಪು ಮಾಡಿರಲೇಬೇಕು ಎನ್ನುತ್ತಿದ್ದ. ಹದಿನೈದರ ಹುಡುಗ, ಸಿಟ್ಟು ನನ್ನಿಂದ ಬಂದದ್ದು. ಮಗಳು ಸಮಾಧಾನವಾಗಿ, ಒಂದನೇ ಕ್ಲಾಸ್ ಮಕ್ಕಳಿಗೆ ಹೇಳುವ ದನಿಯಲ್ಲಿ ಹೇಳಿದಳು: "ನೋಬಡಿ ಡಿಡ್ ಎನಿಥಿಂಗ್ ರಾಂಗ್. ಅಮ್ಮ ಡಿಡ್ ಎವೆರಿಥಿಂಗ್ ರೈಟ್." ಬುಟ್ಟಿ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತೆ.

ಅವಳಿಗೆ ನಿಜ ಹೇಳುತ್ತೇನೆ ಎಂದು ಆ ರಾತ್ರಿ ಗಂಡನಿಗೆ ತಿಳಿಸಿದೆ.

"ಈಗ್ಯಾಕೆ? ಅವಳು ಹೇಗೋ ಮನಸ್ಸು ಗಟ್ಟಿ ಮಾಡ್ಕೊಂಡು ಹೊರಟಿದಾಳೆ. ನಿನ್ನ ಭಾರ ಇಳಿಸ್ಕೊಳ್ಳೋಕೆ ಅವಳ ಸೂಟ್‌ಕೇಸ್‌ಗೆ ತುಂಬ್ಬೇಡ," ಎಂದ.

ಅವನ ಮಾತು ಸರಿ ಇತ್ತು. ಹನ್ನೆರಡು ವರ್ಷದ ಹಿಂದೆಯೂ ಸರಿ ಇತ್ತು. ಆದರೆ ಹೇಳದೆ ಕಳಿಸಿದರೆ ಅವಳು ಪ್ರೀತಿ ಇಟ್ಟುಕೊಂಡು ಹೋಗುವುದು ನನ್ನ ಮೇಲಲ್ಲ, ತಪ್ಪೇ ಮಾಡದ ಇನ್ಯಾರೋ ತಾಯಿಯ ಮೇಲೆ. ಹೇಳಿದರೆ ಅವಳು ನನ್ನನ್ನು ದ್ವೇಷಿಸಿಕೊಂಡು ಹೋಗಬಹುದು, ಮತ್ತೆ ಎದುರು ಕೂರಿಸಿಕೊಂಡು ಸರಿಮಾಡಲು ಅವಳು ಕೈಗೆಟುಕುವ ದೂರದಲ್ಲಿ ಇರುವುದಿಲ್ಲ. ಇವೆರಡರ ನಡುವೆ ಒಂದು ವಾರ ಒದ್ದಾಡಿದೆ. ಮನೆಯಲ್ಲಿ ಹೇಳಿದರೆ ಎಲ್ಲಿ ದನಿ ಏರುತ್ತದೋ ಎಂದು ಹೋಟೆಲನ್ನು ಆರಿಸಿಕೊಂಡೆ.

ಭಾನುವಾರ ನಾಲ್ಕು ಗಂಟೆಗೆ ಮಗಳೇ ಫೋನ್ ಮಾಡಿದಳು. ಆ ಭಾಷೆ ಆಡುವಾಗ ಫೋನಿಗೂ ತಲೆ ಬಾಗಿಸುತ್ತಾಳೆ. ನಾನು ಸ್ಟೀಲ್ ಡಬ್ಬಿಗೆ ಮೊಸರು ತುಂಬುತ್ತ, ಇನ್ನು ಮುಂದೆ ಯಾರು ಫೋನ್ ಮಾಡುತ್ತಾರೆ ಎಂದು ಯೋಚಿಸುತ್ತಿದ್ದೆ. ಹೊರಗೆ ಇಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಮೂವತ್ತೆಂಟು ಡಿಗ್ರಿಯ ಚಳಿ, ಪಾರ್ಕಿಂಗ್ ಲಾಟಿನ ಮೂಲೆಯಲ್ಲಿ ಹಿಮದ ಕೊಳಕು ಗುಡ್ಡೆ ಇನ್ನೂ ಕರಗಿರಲಿಲ್ಲ. ಒಳಗೆ ಎರಡು ಮೇಜುಗಳಲ್ಲಿ ಜಪಾನೀ ಸಂಸಾರಗಳ ಬೀಳ್ಕೊಡುಗೆ ನಡೆಯುತ್ತಿತ್ತು. ಅವರ ಸ್ಕೂಲು ಏಪ್ರಿಲ್‌ನಲ್ಲಿ ಶುರುವಾಗುವುದರಿಂದ ಮಾರ್ಚಿಯಲ್ಲಿ ಇದು ಯಾವಾಗಲೂ ಇದ್ದದ್ದೇ. ಹಿಂದೆಲ್ಲ ಅವರನ್ನು ನೋಡಿ, ಪಾಪ, ಬೇರು ಬಿಡುವಷ್ಟರಲ್ಲಿ ಕೀಳಿಸಿಕೊಂಡು ಹೋಗಬೇಕು ಎಂದು ಮರುಗುತ್ತಿದ್ದೆ. ಅವರಿಗೆ ಬಂದ ದಿನವೇ ಹೋಗುವ ದಿನ ಗೊತ್ತಿರುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ.

ಒಡತಿ ನಂಬರು ಕೇಳಲಿಲ್ಲ. ಒಂದು, ಎರಡು, ಐದು, ಹತ್ತು ಎಂದು ತಾನೇ ಹೇಳಿ ಒಳಗೆ ಹೋದಳು. ತಟ್ಟೆಗಳು ಬಂದವು. ಗಂಡ ಬೆಲ್ಲ ಹುಣಿಸೆಹಣ್ಣಿನ ಹಳೆಯ ಜೋಕನ್ನು ಇನ್ನೊಮ್ಮೆ ಹೇಳಿದ. ಮಕ್ಕಳು ಯಾವಾಗಲೂ ಮಾಡುವಂತೆ ಅಯ್ಯೋ ಎಂದು ಮುಖ ಕಿವಿಚಿದರು. ಮಗ ಅಕ್ಕನಿಗೆ, ನಾನು ರೂಲ್ಸ್ ನೋಡಿದೀನಿ, ನನಗೆ ಇಪ್ಪತ್ತೊಂದು ಆದಾಗ ನಿನ್ನನ್ನ ನಾನೇ ಸ್ಪಾನ್ಸರ್ ಮಾಡಬಹುದು ಎಂದ ಇಂಗ್ಲಿಷಿನಲ್ಲಿ.

"ಆಮೇಲೆ ಎಷ್ಟು ವರ್ಷ ಕಾಯ್ಬೇಕು?" ಎಂದು ಗಂಡ ಕೇಳಿದ.

"ಲೈಕ್, ಟ್ವೆಂಟಿ ಇಯರ್ಸ್."

"ಕೂಲ್," ಎಂದಳು ಮಗಳು. "ಐ ವಿಲ್ ಬಿ ಫಾರ್ಟಿ ನೈನ್." ಅಕ್ಕ ತಮ್ಮ ಇಬ್ಬರೂ ನಕ್ಕರು. ಅವರು ನಗುವಾಗ ನಾವೂ ನಕ್ಕೆವು.

ತಟ್ಟೆಯಲ್ಲಿ ನಾಲ್ಕು ತುತ್ತು ಅನ್ನ ಉಳಿದಾಗ ಒಡತಿ ಖಾಲಿ ಬಟ್ಟಲು ತಂದಿಟ್ಟು ಹೋದಳು. ಕೈಚೀಲದಿಂದ ಡಬ್ಬಿ ತೆಗೆದೆ. ತೆರೆಯಲು ಆಗಲಿಲ್ಲ. ಡಬ್ಬಿಯನ್ನು ಮೇಜಿನ ಮೇಲಿಟ್ಟು, "ನಿಂಗೊಂದು ವಿಷಯ ಹೇಳ್ಬೇಕು," ಎಂದೆ. ಗಂಡ ಚಮಚ ಕೆಳಗಿಟ್ಟ.

ಎಲ್ಲ ಹೇಳಿದೆ. ಸಾಲಿನಲ್ಲಿ ನನಗೆ ಜಾಗವಿದ್ದದ್ದು, ವಕೀಲರು ಅಲುಗಾಡಬೇಡಿ ಎಂದದ್ದು, ಶುಕ್ರವಾರದ ಮೀಟಿಂಗು, ಅಪ್ಪ ಬೇಡವೆಂದದ್ದು, ಸೋಮವಾರದ ರಾಜೀನಾಮೆ. ತುಮಕೂರಿನವನ ಮನೆಯ ಫೋಟೋದ ಬಗ್ಗೆಯೂ ಹೇಳಿದೆ. ನಾನು ಅಳಲಿಲ್ಲ, ದನಿಯೂ ಏರಲಿಲ್ಲ, ಆಫೀಸಿನಲ್ಲಿ ವರದಿ ಒಪ್ಪಿಸುವವಳ ಹಾಗೆ ಹೇಳಿದೆ. ಮಗಳು ಕೇಳುತ್ತ ತಟ್ಟೆಯ ಅಂಚಿಗೆ ಅಂಟಿದ್ದ ಒಂದು ಅಗುಳನ್ನು ಚಮಚದಿಂದ ಒಳಗೆ ಒಳಗೆ ತಳ್ಳುತ್ತಿದ್ದಳು.

"ನಾಲ್ಕು ತಿಂಗಳು," ಎಂದಳು.

"ನಾಲ್ಕು ತಿಂಗಳು."

ಅಪ್ಪನ ಕಡೆ ತಿರುಗಿದಳು. "ಯು ನ್ಯೂ?" ಅವನು ಹೌದೆಂದು ತಲೆಯಾಡಿಸಿದ. ಮಗ ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ. ಅವನು ಹುಡುಕುತ್ತಿದ್ದ ತಪ್ಪು ಸಿಕ್ಕಿತ್ತು, ಸಿಕ್ಕ ಮೇಲೆ ಏನು ಮಾಡುವುದೆಂದು ಅವನಿಗೆ ತಿಳಿದಂತೆ ಕಾಣಲಿಲ್ಲ. ಪಕ್ಕದ ಮೇಜಿನಲ್ಲಿ ಯಾರೋ ಮಗುವಿನ ಕೈಗೆ ಹೂವು ಕೊಟ್ಟು ಫೋಟೋ ತೆಗೆಯುತ್ತಿದ್ದರು. ಮಗಳು ಕೂಗಾಡಬಹುದು ಎಂದು ಕಾಯುತ್ತಿದ್ದೆ. ಕೂಗಾಟವಾದರೆ ನನಗೆ ಗೊತ್ತಿರುವ ದಾರಿ.

ಅವಳು ಕನ್ನಡದಲ್ಲಿ ಕೇಳಿದಳು. "ಅವನು ಏನಂದ?"

"ಯಾರು?"

"ಆ ಮ್ಯಾನೇಜರ್. ನಿಂಗೆ ಏನಂದ?"

ಬಾಯಿ ತೆರೆದೆ. ಆ ಕೋಣೆ ನನ್ನ ಕಣ್ಣ ಮುಂದಿತ್ತು. ತಿಳಿಹಸಿರು ಶರ್ಟು, ಡೋನಟ್ ಡಬ್ಬಿ, ಅದರಲ್ಲಿ ಉಳಿದಿದ್ದ ಎರಡು ಡೋನಟ್, ಒಂದಕ್ಕೆ ಬಣ್ಣದ ಸಕ್ಕರೆಕಾಳು. ಕಿಟಕಿಯ ಹೊರಗೆ ಓಹೇರ್ ನಿಲ್ದಾಣದ ಕಡೆ ಇಳಿಯುತ್ತಿದ್ದ ವಿಮಾನ. ನಕ್ಕ ಇಬ್ಬರಲ್ಲಿ ಒಬ್ಬನ ಗಡ್ಡ. ಮ್ಯಾನೇಜರನ ತುಟಿ ಅಲುಗಾಡುತ್ತಿತ್ತು. ಮಾತು ಮಾತ್ರ ಇರಲಿಲ್ಲ. ನನ್ನ ಇಂಗ್ಲಿಷಿನ ಬಗ್ಗೆಯೋ, ನನ್ನ ಲೆಕ್ಕದಲ್ಲಿದ್ದ ತಪ್ಪಿನ ಬಗ್ಗೆಯೋ, ನಾನು ನಡುವೆ ಬಾಯಿ ಹಾಕಿದೆ ಎಂದೋ. ಎಲ್ಲಿ ಕೈ ಹಾಕಿದರೂ ಬರಿಗೈ. ಗಂಡನ ಕಡೆ ನೋಡಿದೆ.

"ಅವತ್ತು ನೀನು ಹೇಳಿದ್ದೆ," ಎಂದ ಅವನು ಮೆಲ್ಲಗೆ. "ನಂಗೂ ಮರ್ತೋಗಿದೆ."

"ನೆನಪಿಲ್ಲ," ಎಂದೆ ಮಗಳಿಗೆ.

ಅವಳು ನನ್ನನ್ನು ನೋಡಿದಳು. ಹನ್ನೆರಡು ವರ್ಷದ ಹಿಂದಿನ ಕಾಲುಚೀಲದ ಬೆಲೆ ಕೇಳಿದರೂ ಹೇಳುವ ತಾಯಿ ಎಂದು ಅವಳಿಗೆ ಗೊತ್ತು. ನಾನು ಮುಚ್ಚಿಡುತ್ತಿಲ್ಲ, ನಿಜವಾಗಿ ಮರೆತಿದ್ದೇನೆ ಎಂದು ಅರ್ಥವಾಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದು ಮುಖದಲ್ಲಿ ಕಂಡಿತು. ನಾನು ತಪ್ಪು ಒಪ್ಪಿಕೊಂಡಾಗಲೂ ಅವಳ ಮುಖ ಹಾಗಾಗಿರಲಿಲ್ಲ.

"ಓಕೆ," ಎಂದಳು.

ಕೈ ಚಾಚಿ ಸ್ಟೀಲ್ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಮುಚ್ಚಳ ಬಿಗಿಯಾಗಿತ್ತು, ತನ್ನ ಅಂಗಿಯ ತುದಿ ಸುತ್ತಿ ತಿರುಗಿಸಿದಳು. ನನ್ನ ಬಟ್ಟಲಿಗೆ ಒಂದಿಷ್ಟು ಹಾಕಿ, ಉಳಿದದ್ದನ್ನು ತನ್ನ ತಟ್ಟೆಗೆ ಸುರಿದು ಅನ್ನದ ಜೊತೆ ಕಲಸಿ ತಿನ್ನತೊಡಗಿದಳು. ಜೀವಮಾನದಲ್ಲಿ ಆ ಹೋಟೆಲಿನಲ್ಲಿ ಅವಳು ಮೊಸರು ಮುಟ್ಟಿದವಳಲ್ಲ. ಕಣ್ಣಿನಿಂದ ನೀರು ಸುರಿಯುತ್ತಿತ್ತು. ತಮ್ಮ ಕಾಗದದ ಕರವಸ್ತ್ರ ಕೊಟ್ಟ.

"ಖಾರ," ಎಂದಳು. ಅವಳ ತಟ್ಟೆಯದು ಒಂದನೇ ನಂಬರು.

ಹೊರಡುವಾಗ ಒಡತಿ ಬಾಗಿಲವರೆಗೆ ಬಂದಳು. ಆಕೆಯೂ ಮಗಳೂ ಕೈ ಹಿಡಿದುಕೊಂಡು ತಮ್ಮ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದರು. ಆಕೆ ಮಗಳ ಕೋಟಿನ ಗುಂಡಿ ಹಾಕಿದಳು. ಆ ಕೆಲಸ ನನ್ನದು ಎಂದು ನನಗೆ ಸಿಟ್ಟು ಬಂತು, ಮರುಕ್ಷಣವೇ ಇಳಿಯಿತು.

ಮುಂದಿನ ಒಂಬತ್ತು ದಿನ ಮಗಳು ಎಂದಿನಂತೆಯೇ ಇದ್ದಳು. ಸೂಟ್‌ಕೇಸ್ ತೂಕ ಮಾಡಿದೆವು, ಚಟ್ನಿಪುಡಿ ಕಟ್ಟಿಕೊಟ್ಟೆ, ಬೇಡವೆನ್ನದೆ ತೆಗೆದುಕೊಂಡಳು. ಕ್ಷಮಿಸಿದಳೋ ಇಲ್ಲವೋ ಹೇಳಲಿಲ್ಲ, ಕೇಳುವ ಧೈರ್ಯ ನನಗೆ ಬರಲಿಲ್ಲ. ಷಿಕಾಗೋದಿಂದ ಮಧ್ಯಾಹ್ನದ ವಿಮಾನ. ಬೆಳಗಿನ ಜಾವ ಹೊರಟು ಓಹೇರ್ ತಲುಪಿದೆವು. ಅಲ್ಲಿ ತಮ್ಮನನ್ನು ತಬ್ಬಿದಳು, ಅಪ್ಪನನ್ನು ತಬ್ಬಿದಳು, ನನ್ನನ್ನೂ ತಬ್ಬಿದಳು. ಯಾರನ್ನು ಎಷ್ಟು ಹೊತ್ತು ಎಂದು ಅಳೆಯುವ ಮಟ್ಟಕ್ಕೆ ನನ್ನ ಬುದ್ಧಿ ಇಳಿದಿತ್ತು. ನನ್ನದು ಎಲ್ಲರಿಗಿಂತ ಕಡಿಮೆ.

ಮರಳುವಾಗ ಗಂಡ ಮನೆಯ ದಾರಿ ಹಿಡಿಯಲಿಲ್ಲ. ಏನೂ ಹೇಳದೆ ಎಲ್ಕ್ ಗ್ರೋವ್‌ನ ಎಕ್ಸಿಟ್ ತೆಗೆದುಕೊಂಡು, ಗೋದಾಮುಗಳ ನಡುವೆ ಎರಡು ಸಲ ತಿರುಗಿ, ನನ್ನ ಹಳೆಯ ಕಂಪನಿಯಿದ್ದ ಜಾಗದ ಮುಂದೆ ಕಾರು ನಿಲ್ಲಿಸಿದ. ಆ ಕಟ್ಟಡ ಈಗಿಲ್ಲ. ಕಂಪ್ಯೂಟರುಗಳನ್ನು ಇಡುವ ದೊಡ್ಡ ಬೂದು ಕಟ್ಟಡ ಅಲ್ಲಿ ಎದ್ದಿದೆ, ಅದಕ್ಕೆ ಕಿಟಕಿಗಳೇ ಇಲ್ಲ.

"ನೋಡು. ನೆನಪಾಗುತ್ತಾ?" ಎಂದ.

ಎಂಜಿನ್ ಚಾಲೂ ಇಟ್ಟು ಕಾದ. ನಾನು ಗೋಡೆ ನೋಡುತ್ತ ಕೂತೆ. ತಲೆಯ ಮೇಲೆ ವಿಮಾನಗಳು ಒಂದರ ಹಿಂದೊಂದು ಏರುತ್ತಿದ್ದವು, ಅವುಗಳಲ್ಲಿ ಯಾವುದು ಅವಳದೆಂದು ತಿಳಿಯಲಿಲ್ಲ. "ಇಲ್ಲ," ಎಂದೆ. ಅವನು ನನ್ನ ಕೈ ಮೇಲೆ ಕೈಯಿಟ್ಟು, ಆಮೇಲೆ ಕಾರು ತಿರುಗಿಸಿದ.

ಹೆದ್ದಾರಿ ಸೇರಿದ ಮೇಲೆ ಹಿಂದಿನ ಸೀಟಿನಿಂದ ಮಗ ಮಾತಾಡಿದ. ಏನಾದರೂ ಒಂದು ಕಟ್ಟಿ ಹೇಳಮ್ಮ ಎಂದು ಅವನ ಇಂಗ್ಲಿಷಿನಲ್ಲಿ ಹೇಳಿದ. ಅಕ್ಕ ಸಾಕ್ಷಿ ಕೇಳುತ್ತಿಲ್ಲ, ಅದು ತುಂಬ ಕೆಟ್ಟ ಮಾತಾಗಿತ್ತು ಅಂತ ಗೊತ್ತಾದರೆ ಅವಳಿಗೆ ಸಾಕು, ಅಷ್ಟೇ ಎಂದ.

ಊರವರ ಸುಳ್ಳನ್ನೆಲ್ಲ ತೇದಿ ಸಮೇತ ಹಿಡಿದವಳು ನಾನು. ಆದರೂ ಅಲ್ಲಿಂದ ಮನೆಯವರೆಗೆ ಐದು ಗಂಟೆ ಪ್ರಯತ್ನಪಟ್ಟೆ. ಆ ತಿಳಿಹಸಿರು ಶರ್ಟಿನವನ ಬಾಯಿಗೆ ಒಂದೊಂದೇ ಮಾತು ಇಟ್ಟು ನೋಡಿದೆ. ನನ್ನ ಬಣ್ಣದ ಮೇಲೆ, ನನ್ನ ದೇಶದ ಮೇಲೆ, ನನ್ನ ತಾಯಿಯ ಮೇಲೆ. ಮಗಳನ್ನು ಕಳೆದುಕೊಳ್ಳುವಷ್ಟು ಕೆಟ್ಟ ಮಾತು ಒಂದೂ ಸಿಗಲಿಲ್ಲ.